ಯಾವ ನೂರಕ್ಕೆ ಎಷ್ಟು?

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವು ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯದಿಂದ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಊರು. ಮಳೆಗಾಲ ಮೊದಲಾಯಿತೆಂದರೆ ಇದರ ಹೆಸರು ಇನ್ನೊಂದು ಕಾರಣಕ್ಕಾಗಿ ಪತ್ರಿಕೆಗಳಲ್ಲಿ ಕಾಣತೊಡಗುತ್ತದೆ. ತಾಲ್ಲೂಕಿನಲ್ಲಿ ಮಳೆಯನ್ನು ಅಳೆಯುವ ಕೇಂದ್ರಗಳಲ್ಲಿ ಇದೂ ಒಂದು. ಹೊಳಲ್ಕೆರೆ, ರಾಮಗಿರಿ, ಚಿಕ್ಕಜಾಜೂರು, ಬಿ. ದುರ್ಗ, ತಾಳ್ಯ ಇವುಗಳ ಸಾಲಿನಲ್ಲಿ ‘ಎಚ್.ಡಿ. ಪುರ’ ಎಂಬ ಮೊಟಕು ಹೆಸರಿನಿಂದ ನಿಂತು, ಹಿಂದಿನ ದಿನ ತನ್ನ ಪಾಲಿಗೆ ಬಂದ ಮಳೆ ಎಷ್ಟೆಂಬುದನ್ನು ಮಿಲಿಮೀಟರುಗಳಲ್ಲಿ ಹೇಳಿ ಅದು ಸುಮ್ಮನಾಗುತ್ತದೆ.

ತಿಂಗಳು ಕಳೆದ ಮೇಲೆ ಬರುವ ವರದಿಯ ಭಾಷೆಯೇ ಬೇರೆ. ಅಲ್ಲಿ ಮಿಲಿಮೀಟರು ಹಿಂದೆ ಸರಿದು ಶೇಕಡ ಮುಂದೆ ಬರುತ್ತದೆ. ‘ವಾಡಿಕೆಗಿಂತ ಶೇಕಡ ಇಷ್ಟು ಹೆಚ್ಚು’, ‘ವಾಡಿಕೆಗಿಂತ ಶೇಕಡ ಇಷ್ಟು ಕಡಮೆ’ ಎಂಬ ಮಾತು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಎರಡೂ ಒಂದೇ ಮಳೆಯ ವಿಷಯ; ಆದರೆ ಎರಡೂ ಒಂದೇ ಮಾತಲ್ಲ. ಮೊದಲನೆಯದು ವಸ್ತುವಿನ ಅಳತೆ. ಎರಡನೆಯದು ಒಂದು ವಸ್ತುವನ್ನು ಇನ್ನೊಂದರ ಪಕ್ಕದಲ್ಲಿ ನಿಲ್ಲಿಸಿ ಮಾಡಿದ ಹೋಲಿಕೆ. ಶಾಸ್ತ್ರಜ್ಞರು ಮೊದಲನೆಯದನ್ನು ನಿರಪೇಕ್ಷ ಸಂಖ್ಯೆಯೆಂದೂ ಎರಡನೆಯದನ್ನು ಸಾಪೇಕ್ಷ ಸಂಖ್ಯೆಯೆಂದೂ ಕರೆಯುವರು. ಹೆಸರುಗಳು ಭಾರವಾಗಿದ್ದರೂ ಭೇದ ಸರಳವಾದುದು. ‘ಎಷ್ಟು?’ ಎಂಬುದು ಒಂದು ಪ್ರಶ್ನೆ. ‘ಯಾವುದಕ್ಕೆ ಹೋಲಿಸಿದರೆ ಎಷ್ಟು?’ ಎಂಬುದು ಮತ್ತೊಂದು. ಒಂದಕ್ಕೆ ಬಂದ ಉತ್ತರವನ್ನು ಇನ್ನೊಂದರ ಉತ್ತರವೆಂದು ಭಾವಿಸಿದಾಗಲೇ ತೊಡಕು ಹುಟ್ಟುವುದು.

ಮಿಲಿಮೀಟರು ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳುವುದು ಒಳ್ಳೆಯದು. ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದು ನಿಂತರೆ, ಆ ನೀರು ಸರಿಯಾಗಿ ಒಂದು ಲೀಟರು. ಒಂದು ಎಕರೆಯೆಂದರೆ 4,047 ಚದರ ಮೀಟರು. ಆದುದರಿಂದ ಎಕರೆಯ ಮೇಲೆ ಬಿದ್ದ ಒಂದೊಂದು ಮಿಲಿಮೀಟರೂ ನಾಲ್ಕು ಸಾವಿರ ಲೀಟರಿಗೆ ತುಸು ಮಿಕ್ಕಿದ ನೀರು. ಇಪ್ಪತ್ತು ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಹೊಯ್ದರೆ ಒಂದು ಎಕರೆ ಹೊಲಕ್ಕೆ ಸುಮಾರು 81,000 ಲೀಟರು ನೀರು ಬಂದಂತಾಯಿತು. ಈ ಲೆಕ್ಕದಲ್ಲಿ ವಾಡಿಕೆಯ ಪ್ರಸ್ತಾಪವೇ ಇಲ್ಲ. ಹೊರಕೆರೆದೇವಪುರದಲ್ಲಾದರೂ ಅಷ್ಟೆ, ಆಗುಂಬೆಯಲ್ಲಾದರೂ ಅಷ್ಟೆ.

ಮುನ್ನೂರು ಹೆಚ್ಚು, ಇಪ್ಪತ್ತೈದು ಕಡಮೆ

ಚಿತ್ರದುರ್ಗದ ಸೀಮೆಯಲ್ಲಿ ಜನವರಿ ತಿಂಗಳು ಒಣ ತಿಂಗಳು. ಆಗ ಬೀಳುವ ವಾಡಿಕೆ ಮಳೆ ಒಂದೆರಡು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ವಾಡಿಕೆಯನ್ನು ಎರಡು ಮಿಲಿಮೀಟರು ಎಂದು ಹಿಡಿದು, ಒಂದು ವರ್ಷ ಅಕಾಲದಲ್ಲಿ ಮೋಡ ಕವಿದು ಎಂಟು ಮಿಲಿಮೀಟರು ಬಿದ್ದಿತೆಂದು ಭಾವಿಸಿದರೆ, ವರದಿ ಏನೆನ್ನುವುದು? ‘ವಾಡಿಕೆಗಿಂತ ಶೇಕಡ 300 ಹೆಚ್ಚು!’ ಇಂತಹ ಸುದ್ದಿ ಬಂದ ದಿನ ಊರ ಕಟ್ಟೆಯ ಮೇಲೆ ಎಂತಹ ಮಾತು ನಡೆದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

“ದೊಡ್ಡಪ್ಪಾ, ಈ ತಿಂಗಳು ಶೇಕಡ ಮುನ್ನೂರು ಜಾಸ್ತಿ ಮಳೆಯಂತೆ!”

“ಎಷ್ಟಾಯ್ತಪ್ಪ ಅದು? ನೇಗಿಲು ಇಳಿಯೋವಷ್ಟು ಆಯ್ತೋ, ಬರೀ ಧೂಳು ಅಡಗೋವಷ್ಟು ಆಯ್ತೋ?”

ದೊಡ್ಡಪ್ಪನ ಪ್ರಶ್ನೆಯಲ್ಲಿ ಸಂಖ್ಯಾಶಾಸ್ತ್ರದ ತಿರುಳೇ ಅಡಗಿದೆ. ಆತನು ಶೇಕಡವನ್ನು ಅಲ್ಲಗಳೆಯಲಿಲ್ಲ. ಅದರ ಹಿಂದಿರುವ ಮೊತ್ತವನ್ನು ಕೇಳಿದನು. ಎಂಟು ಮಿಲಿಮೀಟರಿನಲ್ಲಿ ವಾಡಿಕೆಯ ಎರಡನ್ನು ಕಳೆದರೆ ಉಳಿಯುವುದು ಆರು. ಅಂದರೆ ಎಕರೆಗೆ ಹೆಚ್ಚಾಗಿ ಬಂದ ನೀರು ಸುಮಾರು 24,000 ಲೀಟರು.

ಈಗ ಸೆಪ್ಟೆಂಬರಿಗೆ ಬರೋಣವಾಗಲಿ. ಈ ಸೀಮೆಗೆ ಸೆಪ್ಟೆಂಬರು, ಅಕ್ಟೋಬರುಗಳೇ ಹೆಚ್ಚು ಮಳೆಯ ತಿಂಗಳುಗಳು. ಆ ತಿಂಗಳ ವಾಡಿಕೆಯನ್ನು ನೂರು ಮಿಲಿಮೀಟರು ಎಂದು ಇಟ್ಟುಕೊಂಡರೆ, ‘ಶೇಕಡ 25 ಕೊರತೆ’ ಎಂಬುದಕ್ಕೆ ಇಪ್ಪತ್ತೈದು ಮಿಲಿಮೀಟರು ಬಾರದೆ ಹೋಯಿತೆಂದು ಅರ್ಥ. ಎಕರೆಯೊಂದಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು ತಪ್ಪಿತು. ಜನವರಿಯ ‘ಮುನ್ನೂರು ಹೆಚ್ಚು’ ತಂದ ನೀರಿನ ನಾಲ್ಕರಷ್ಟನ್ನು ಸೆಪ್ಟೆಂಬರಿನ ‘ಇಪ್ಪತ್ತೈದು ಕಡಮೆ’ ಕಿತ್ತುಕೊಂಡಿತು. ಬರಿಯ ಶೇಕಡವನ್ನು ಓದಿದವನಿಗೆ ಆ ವರ್ಷ ಭಾಗ್ಯದ ವರ್ಷ. ಹೊಲದಲ್ಲಿ ನಿಂತವನಿಗೆ ನಷ್ಟದ ವರ್ಷ. ಆಧಾರ ಸಂಖ್ಯೆ ಚಿಕ್ಕದಾಗಿದ್ದಾಗ ಶೇಕಡ ಬೆಟ್ಟದಷ್ಟಾಗಿ ಕಾಣುವುದೂ, ಆಧಾರ ದೊಡ್ಡದಾಗಿದ್ದಾಗ ಬೆಟ್ಟದಷ್ಟು ವಸ್ತು ಸಣ್ಣ ಶೇಕಡದ ಹಿಂದೆ ಮರೆಯಾಗುವುದೂ ಈ ಲೆಕ್ಕದ ಸ್ವಭಾವ.

ಹಾಗೆಂದು ಶೇಕಡವನ್ನು ದೂರುವುದೂ ಸರಿಯಲ್ಲ. ಅದಕ್ಕೂ ತನ್ನದೇ ಆದ ನ್ಯಾಯವುಂಟು. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅದು ಐನೂರನ್ನು ಮುಟ್ಟುವುದೇ ಕಷ್ಟ. ಆಗುಂಬೆಯಲ್ಲಿ ಶೇಕಡ 20ರಷ್ಟು ಕೊರತೆಯಾದರೆ ಕಡಮೆಯಾದ ಮಳೆಯೇ 1,400 ಮಿಲಿಮೀಟರು; ಅದು ಚಳ್ಳಕೆರೆಯ ಎರಡು ಮೂರು ವರ್ಷಗಳ ಮಳೆ! ಮಿಲಿಮೀಟರೊಂದನ್ನೇ ನೋಡಿದರೆ ಆಗುಂಬೆಗೆ ಎಂದೂ ಬರವಿಲ್ಲ, ಚಳ್ಳಕೆರೆಗೆ ಎಂದೂ ಸುಭಿಕ್ಷವಿಲ್ಲ ಎಂದು ತೀರ್ಪು ಕೊಡಬೇಕಾದೀತು. ಆದರೆ ಮಲೆನಾಡಿನ ಗದ್ದೆ ತೋಟಗಳು ಅಲ್ಲಿನ ಮಳೆಗೆ ಒಗ್ಗಿಕೊಂಡಿವೆ. ಬಯಲುಸೀಮೆಯ ಶೇಂಗಾ ರಾಗಿಗಳು ಇಲ್ಲಿನ ಮಳೆಗೆ ಒಗ್ಗಿಕೊಂಡಿವೆ. ಯಾರ ಅಭ್ಯಾಸಕ್ಕೆ ಎಷ್ಟು ಏಟು ಬಿತ್ತೆಂಬುದನ್ನು ಹೇಳಬೇಕಾದರೆ ಶೇಕಡವೇ ಬೇಕು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿ ಸೇರಿದ್ದವು. ಅವುಗಳ ಬರವೂ ಸುಳ್ಳಲ್ಲ. ಏಟಿನ ಬಲವನ್ನು ಶೇಕಡ ಹೇಳುವುದು. ಕುಡಿಯುವ ನೀರು ಉಳಿದಿದೆಯೆ ಎಂಬುದನ್ನು ಮೊತ್ತ ಹೇಳುವುದು. ಎರಡೂ ಬೇಕಾದ ಮಾತುಗಳೇ.

ಇನ್ನೊಂದು ಎಚ್ಚರವೂ ಅಗತ್ಯ. ಹವಾಮಾನ ಇಲಾಖೆಯ ವಿಂಗಡಣೆಯಂತೆ ವಾಡಿಕೆಗಿಂತ ಶೇಕಡ 19ರವರೆಗೆ ಕಡಮೆಯಾದರೂ ಅದು ಸಾಮಾನ್ಯ ಮಳೆ. 20ನ್ನು ಮುಟ್ಟಿದೊಡನೆ ಕೊರತೆ. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ಹೊಲದಲ್ಲಿ ಕಾಣುವ ಅಂತರ ಏನೂ ಇಲ್ಲ. ಕಾಗದದ ಮೇಲೆ ಮಾತ್ರ ಎರಡು ಬೇರೆ ಮನೆಗಳು. ಮೇಲಾಗಿ ಇಡೀ ಕಾಲದ ಮೊತ್ತ ವಾಡಿಕೆಗೆ ಸರಿಹೊಂದಿದ ಮಾತ್ರಕ್ಕೆ ಬೆಳೆ ಕೈಗೆ ಬಂತೆಂದು ಹೇಳುವಂತಿಲ್ಲ. ಆರಿದ್ರೆಯಲ್ಲಿ ಬರಬೇಕಾದ ಮಳೆ ಬಾರದೆ, ಪೈರು ಒಣಗಿದ ಮೇಲೆ ಹಸ್ತದಲ್ಲಿ ಒಂದೇ ಸಮನೆ ಸುರಿದು ಕೊರತೆಯನ್ನು ತುಂಬಿದರೆ, ಲೆಕ್ಕದ ಪುಸ್ತಕ ಹಸಿರಾಗುವುದೇ ಹೊರತು ಹೊಲ ಹಸಿರಾಗದು.

ಅಳತೆಗೋಲೇ ಬದಲಾದಾಗ

ಶೇಕಡವೆಂದರೆ ನೂರಕ್ಕೆ ಎಷ್ಟು ಎಂದು ಅರ್ಥ. ಆದರೆ ಆ ನೂರು ಯಾವುದು? ಎಲ್ಲರೂ ಕೇಳಲು ಮರೆಯುವ ಪ್ರಶ್ನೆ ಇದು. ನೂರು ಎಂಬುದು ಆಕಾಶದಿಂದ ಇಳಿದುದಲ್ಲ. ಯಾರೋ ಒಬ್ಬರು ಯಾವುದೋ ಒಂದು ಮೊತ್ತವನ್ನು ನೂರೆಂದು ಹಿಡಿದಿರುತ್ತಾರೆ. ಆ ಮೊತ್ತ ಬದಲಾಗಬಹುದು, ಬದಲಾಗುತ್ತಲೂ ಇದೆ.

‘ವಾಡಿಕೆ ಮಳೆ’ ಎಂಬ ಮಾತನ್ನೇ ತೆಗೆದುಕೊಂಡರೆ, ಅದು ಬಹು ವರ್ಷಗಳ ಮಳೆಯ ಸರಾಸರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಡೀ ದೇಶದ ಮೇಲೆ ಬೀಳುವ ಮುಂಗಾರು ಮಳೆಯ ವಾಡಿಕೆಯನ್ನು ಮೊದಲು 1961ರಿಂದ 2010ರವರೆಗಿನ ಲೆಕ್ಕದಂತೆ 880.6 ಮಿಲಿಮೀಟರು ಎಂದು ಹಿಡಿಯಲಾಗಿತ್ತು. 2022ರಲ್ಲಿ ಹವಾಮಾನ ಇಲಾಖೆ 1971ರಿಂದ 2020ರವರೆಗಿನ ಸರಾಸರಿಯನ್ನು ತೆಗೆದುಕೊಂಡು, ಅದನ್ನು 868.6 ಮಿಲಿಮೀಟರಿಗೆ ಇಳಿಸಿತು. ಹನ್ನೆರಡು ಮಿಲಿಮೀಟರಿನ ವ್ಯತ್ಯಾಸ. ದೇಶದ ಮೇಲೆ 868.6 ಮಿಲಿಮೀಟರು ಮಳೆ ಬಿದ್ದರೆ ಹಳೆಯ ಅಳತೆಗೋಲಿನಲ್ಲಿ ಅದು ನೂರಕ್ಕೆ 98.6, ಹೊಸ ಅಳತೆಗೋಲಿನಲ್ಲಿ ನೂರಕ್ಕೆ ನೂರು. ಆಕಾಶದಿಂದ ಒಂದು ಹನಿಯೂ ಹೆಚ್ಚಾಗಿ ಬೀಳದೆ ಕೊರತೆ ಮಾಯವಾಯಿತು! ಇಲಾಖೆಯ ಕ್ರಮದಲ್ಲಿ ತಪ್ಪೇನೂ ಇಲ್ಲ. ಕಾಲಕಾಲಕ್ಕೆ ಸರಾಸರಿಯನ್ನು ಹೊಸದು ಮಾಡಲೇಬೇಕು. ಆದರೆ ಹಳೆಯ ವರ್ಷದ ಶೇಕಡವನ್ನೂ ಹೊಸ ವರ್ಷದ ಶೇಕಡವನ್ನೂ ಪಕ್ಕಪಕ್ಕದಲ್ಲಿಟ್ಟು ಮಾತನಾಡುವವರು ಇದನ್ನು ನೆನಪಿನಲ್ಲಿಡಬೇಕು.

ತುಂಗಭದ್ರಾ ಜಲಾಶಯದ ಕಥೆ ಇದಕ್ಕಿಂತ ಸ್ಪಷ್ಟವಾದುದು. ಅದು ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದಾಗಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ವರ್ಷ ವರ್ಷವೂ ಹೊಳೆ ತಂದು ಸುರಿದ ಹೂಳು ತಳದಲ್ಲಿ ತುಂಬಿ, ಈಗ ಅದರ ಸಾಮರ್ಥ್ಯ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ‘ಜಲಾಶಯ ನೂರಕ್ಕೆ ನೂರು ತುಂಬಿದೆ’ ಎಂದು ಇಂದು ಹೇಳಿದರೆ ಅದು ಅಂದಿನ ನೂರರಲ್ಲಿ ಸುಮಾರು ಎಂಬತ್ತು ಮಾತ್ರ. ಮಾತು ನಿಜ, ಶೇಕಡವೂ ನಿಜ. ಆದರೆ ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಬೇಕಾದ ಇಪ್ಪತ್ತೇಳು ಟಿ.ಎಂ.ಸಿ. ನೀರಿನ ಜಾಗದಲ್ಲಿ ಈಗ ಹೂಳು ಕುಳಿತಿದೆ ಎಂಬುದನ್ನು ಆ ‘ನೂರಕ್ಕೆ ನೂರು’ ಹೇಳುವುದಿಲ್ಲ.

ಅಡಿಯ ಲೆಕ್ಕ, ನೀರಿನ ಲೆಕ್ಕ

ಚಿತ್ರದುರ್ಗ ಜಿಲ್ಲೆಯವರಿಗೆ ಇನ್ನೂ ಹತ್ತಿರದ ನಿದರ್ಶನ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ತುಂಬು ಮಟ್ಟ 130 ಅಡಿ. ಅದು ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಅಷ್ಟು ದೀರ್ಘಕಾಲ ಒಂದು ಸೀಮೆಯ ಜನ ದಿನವೂ ‘ಇಂದು ಎಷ್ಟು ಅಡಿ?’ ಎಂದು ಕೇಳುತ್ತ ಬಂದಿರುವುದರಿಂದ ಅಡಿಯ ಲೆಕ್ಕ ಅಲ್ಲಿ ಎಲ್ಲರ ನಾಲಗೆಯ ಮೇಲಿದೆ.

ಅರವತ್ತು ಅಡಿ ನೀರು ಇದೆಯೆಂದು ಕೇಳಿದ ಹೊಸಬನು ಏನೆಂದುಕೊಳ್ಳುವನು? ನೂರಮೂವತ್ತರಲ್ಲಿ ಅರವತ್ತು, ಹೆಚ್ಚು ಕಡಮೆ ಅರ್ಧ, ಶೇಕಡ 46. ಆದುದರಿಂದ ನೀರೂ ಅರ್ಧದಷ್ಟು ಇರಬೇಕು ಎಂದುಕೊಳ್ಳುವನು. ವಾಸ್ತವದಲ್ಲಿ ಅರವತ್ತು ಅಡಿಯ ಮಟ್ಟ ಎಂಬುದು ಆ ಜಲಾಶಯದ ತಳದ ನೀರಿನ ಮಟ್ಟ. ಆಗ ಅಲ್ಲಿರುವುದು ಎರಡು ಟಿ.ಎಂ.ಸಿ.ಗೂ ಕಡಮೆ, ತುಂಬಿದಾಗಿನ ನೀರಿನಲ್ಲಿ ನೂರಕ್ಕೆ ಆರೋ ಏಳೋ ಪಾಲು. ಕಣಿವೆ ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ತಳದ ಒಂದು ಅಡಿ ಒಂದು ಬೊಗಸೆಯಾದರೆ ನೆತ್ತಿಯ ಒಂದು ಅಡಿ ಒಂದು ಹಂಡೆ. ಅಡಿಯ ಶೇಕಡ ಬೇರೆ, ನೀರಿನ ಶೇಕಡ ಬೇರೆ. ಶೇಕಡವನ್ನು ಕೇಳುವಾಗ ‘ಎಷ್ಟರಲ್ಲಿ?’ ಎಂದು ಕೇಳಿದರೆ ಸಾಲದು, ‘ಯಾವುದರಲ್ಲಿ?’ ಎಂದೂ ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಲಾರದು.

ಹಾಗೆಯೇ ಎರಡು ಜಲಾಶಯಗಳು ‘ಅರ್ಧ ತುಂಬಿವೆ’ ಎಂದ ಮಾತ್ರಕ್ಕೆ ಅವು ಸಮಾನವಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿ.ಎಂ.ಸಿ. ಅದರ ಅರ್ಧವೆಂದರೆ ಸುಮಾರು 25. ವಾಣಿವಿಲಾಸ ಸಾಗರದ ಅರ್ಧವೆಂದರೆ 15. ಅರ್ಧಕ್ಕೂ ಅರ್ಧಕ್ಕೂ ನಡುವೆ ಹತ್ತು ಟಿ.ಎಂ.ಸಿ. ಅಂತರ.

ತಲೆಯೆಣಿಕೆಯ ಪಾಠ

ಮನುಷ್ಯರನ್ನು ಎಣಿಸುವಾಗಲೂ ಇದೇ ಕಥೆ. 1951ರ ಗಣತಿಯಲ್ಲಿ ಭಾರತದ ಜನಸಂಖ್ಯೆ 36.1 ಕೋಟಿ, 1961ರಲ್ಲಿ 43.9 ಕೋಟಿ. ಹತ್ತು ವರ್ಷದ ಏರಿಕೆ ಶೇಕಡ 21.6. ಅನಂತರ 1991ರಲ್ಲಿ 84.6 ಕೋಟಿಯಿದ್ದದ್ದು 2001ರಲ್ಲಿ 102.9 ಕೋಟಿಯಾಯಿತು. ಆಗಲೂ ಏರಿಕೆ ಶೇಕಡ 21.5. ಶೇಕಡವನ್ನು ಮಾತ್ರ ನೋಡಿದವರಿಗೆ ಎರಡು ದಶಕಗಳೂ ಅವಳಿಜವಳಿ. ಆದರೆ ಮೊದಲನೆಯ ದಶಕದಲ್ಲಿ ಹೊಸದಾಗಿ ಸೇರಿದವರು 7.8 ಕೋಟಿ ಜನ, ಎರಡನೆಯದರಲ್ಲಿ 18.2 ಕೋಟಿ. ಅನ್ನ, ಶಾಲೆ, ಆಸ್ಪತ್ರೆ ಬೇಕಾಗುವುದು ಶೇಕಡಕ್ಕಲ್ಲ, ಜನಕ್ಕೆ.

ಮುಂದಿನ ದಶಕದಲ್ಲಿ ಮತ್ತೊಂದು ಸ್ವಾರಸ್ಯ. 2001ರಿಂದ 2011ರವರೆಗೆ ಏರಿಕೆಯ ವೇಗ ಶೇಕಡ 17.7ಕ್ಕೆ ಇಳಿಯಿತು. ದೇಶಕ್ಕೆ ಇದು ಸಂತೋಷದ ಸುದ್ದಿಯೇ. ಆದರೂ ಆ ದಶಕದಲ್ಲಿ ಸೇರಿದ ಜನ ಎಷ್ಟು? ಮತ್ತೆ ಸುಮಾರು 18.2 ಕೋಟಿ! ವೇಗ ತಗ್ಗಿತು, ಭಾರ ತಗ್ಗಲಿಲ್ಲ. ಅಕ್ಷರಸ್ಥರ ಲೆಕ್ಕವೂ ಹೀಗೆಯೇ. 1951ರಲ್ಲಿ ನೂರಕ್ಕೆ 18 ಮಂದಿ ಓದುಬರಹ ಬಲ್ಲವರು. 2011ರಲ್ಲಿ ನೂರಕ್ಕೆ 73. ಅರವತ್ತು ವರ್ಷದಲ್ಲಿ ನಡೆದ ದೊಡ್ಡ ಕಾರ್ಯವಿದು. ಆದರೂ 2011ರಲ್ಲಿ ಓದುಬರಹ ಬಾರದೆ ಉಳಿದಿದ್ದವರು 27 ಕೋಟಿಗೂ ಹೆಚ್ಚು. 1951ರ ಇಡೀ ಭಾರತದ ಜನಸಂಖ್ಯೆಯ ಮುಕ್ಕಾಲು ಪಾಲಿನಷ್ಟು. ಹೆಮ್ಮೆಪಡುವವನು ಶೇಕಡವನ್ನು ತೋರಿಸುವನು, ದೂರುವವನು ಮೊತ್ತವನ್ನು ತೋರಿಸುವನು. ಇಬ್ಬರೂ ಸುಳ್ಳಾಡುವುದಿಲ್ಲ, ಇಬ್ಬರೂ ಪೂರ್ತಿ ಹೇಳುವುದೂ ಇಲ್ಲ.

ಕರ್ನಾಟಕದ ಒಳಗೆ ನೋಡಿದರೆ, 2001ರಿಂದ 2011ರ ನಡುವೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 15,17,896ರಿಂದ 16,59,456ಕ್ಕೆ ಏರಿತು. ಏರಿಕೆ 1,41,560, ಶೇಕಡ 9.3. ಅದೇ ಕಾಲದಲ್ಲಿ ಬೆಂಗಳೂರು ನಗರ ಜಿಲ್ಲೆ 65,37,124ರಿಂದ 96,21,551ಕ್ಕೆ ಹಾರಿತು. ಏರಿಕೆ 30,84,427, ಶೇಕಡ 47. ಶೇಕಡದಲ್ಲಿ ನೋಡಿದರೆ ಬೆಂಗಳೂರಿನ ಏರಿಕೆ ಚಿತ್ರದುರ್ಗದ ಐದರಷ್ಟು. ತಲೆಗಳನ್ನು ಎಣಿಸಿದರೆ ಇಪ್ಪತ್ತೆರಡರಷ್ಟು ಸಮೀಪ. ಇಡೀ ರಾಜ್ಯದಲ್ಲಿ ಹೆಚ್ಚಾದ 82 ಲಕ್ಷ ಜನರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕವರು ಆ ಒಂದು ಜಿಲ್ಲೆಯಲ್ಲಿಯೇ ನೆಲಸಿದರು. ಅಲ್ಲಿ ನೀರು ಸಾಲದು, ದಾರಿ ಸಾಲದು ಎಂಬ ಕೂಗಿನ ಮೂಲವನ್ನು ಶೇಕಡಕ್ಕಿಂತ ಈ ಮೊತ್ತ ಚೆನ್ನಾಗಿ ವಿವರಿಸುತ್ತದೆ.

ಆದರೆ ಮೊತ್ತವೂ ದಾರಿತಪ್ಪಿಸಬಲ್ಲದು. ಬೆಂಗಳೂರಿನಲ್ಲಿ ನಡೆಯುವ ರಸ್ತೆ ಅಪಘಾತಗಳ ಸಂಖ್ಯೆ ಹೊಳಲ್ಕೆರೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ಹೇಳಲು ಯಾವ ಸಂಶೋಧನೆಯೂ ಬೇಡ. ಅಷ್ಟರಿಂದಲೇ ಹೊಳಲ್ಕೆರೆಯ ರಸ್ತೆ ಕ್ಷೇಮವೆಂದು ತೀರ್ಮಾನಿಸುವುದು ಅವಿವೇಕ. ಲಕ್ಷ ಜನಕ್ಕೆ ಎಷ್ಟು, ಸಾವಿರ ವಾಹನಕ್ಕೆ ಎಷ್ಟು ಎಂದು ಹೋಲಿಸಿದ ಮೇಲೆಯೇ ನಿಜ ಗೊತ್ತಾಗುವುದು. ದೊಡ್ಡ ಊರಿಗೂ ಚಿಕ್ಕ ಊರಿಗೂ ತಕ್ಕಡಿ ಹಿಡಿಯುವಾಗ ಶೇಕಡವೇ ನ್ಯಾಯಾಧಿಪತಿ.

ಹಣದ ಚೀಲದಲ್ಲಿ

ಮನೆಯ ಹಣಕಾಸಿನಲ್ಲಿ ಈ ವಿವೇಕವಿಲ್ಲದಿದ್ದರೆ ಕೈಸುಡುವುದು ಖಂಡಿತ. ಹೊಳಲ್ಕೆರೆಯ ಸೀಮೆ ಅಡಕೆಯ ಸೀಮೆ. ಒಂದು ಊಹೆಯ ಲೆಕ್ಕ: ಕ್ವಿಂಟಲಿಗೆ 40,000 ರೂಪಾಯಿ ಇದ್ದ ಧಾರಣೆ ಶೇಕಡ 50ರಷ್ಟು ಬಿತ್ತು, ಕೆಲವು ತಿಂಗಳ ಮೇಲೆ ಶೇಕಡ 50ರಷ್ಟು ಏರಿತು. ಬಿದ್ದಷ್ಟೇ ಎದ್ದಿತಲ್ಲ, ಲೆಕ್ಕ ಸರಿಹೋಯಿತು ಎಂದು ಬೆಳೆಗಾರನು ಸಮಾಧಾನಪಟ್ಟರೆ ಅವನು ಕೆಟ್ಟ. ನಲವತ್ತು ಸಾವಿರ ಅರ್ಧಕ್ಕೆ ಇಳಿದರೆ ಇಪ್ಪತ್ತು ಸಾವಿರ. ಏರಿಕೆಯ ಐವತ್ತನ್ನು ಎಣಿಸುವುದು ಈ ಇಪ್ಪತ್ತು ಸಾವಿರದ ಮೇಲೆ. ಆದುದರಿಂದ ಧಾರಣೆ ನಿಂತದ್ದು ಮೂವತ್ತು ಸಾವಿರದಲ್ಲಿ. ಹತ್ತು ಸಾವಿರ ಇನ್ನೂ ಹಳ್ಳದಲ್ಲಿಯೇ ಇದೆ. ಹಿಂದಿನ ಬೆಲೆಗೆ ಮರಳಬೇಕಾದರೆ ಶೇಕಡ ನೂರರಷ್ಟು ಏರಬೇಕು. ಇಳಿಯುವಾಗಿನ ನೂರು ಬೇರೆ, ಏರುವಾಗಿನ ನೂರು ಬೇರೆ.

ಸಂಬಳದವರಿಗೆ ತುಟ್ಟಿಭತ್ಯೆಯ ಉದಾಹರಣೆ ಸಾಕು. ‘ಎಲ್ಲರಿಗೂ ಸಮನಾಗಿ ಶೇಕಡ 4ರಷ್ಟು ಹೆಚ್ಚಳ’ ಎಂಬ ಆಜ್ಞೆ ಹೊರಟರೆ, 20,000 ಮೂಲವೇತನದ ಜವಾನನಿಗೆ 800 ರೂಪಾಯಿ. ಒಂದು ಲಕ್ಷ ಮೂಲವೇತನದ ಅಧಿಕಾರಿಗೆ 4,000. ಶೇಕಡದ ಕಣ್ಣಿಗೆ ಇಬ್ಬರೂ ಸಮ. ಸಂತೆಯಲ್ಲಿ ಬೇಳೆಯ ಬೆಲೆ ಮಾತ್ರ ಇಬ್ಬರಿಗೂ ಒಂದೇ.

ಬಡ್ಡಿಯ ವಿಷಯದಲ್ಲಿ ಇನ್ನೊಂದು ಬಗೆಯ ಗೊಂದಲವುಂಟು. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯ ದರ 2022ರ ಮೇ ತಿಂಗಳ ಆರಂಭದಲ್ಲಿ ಶೇಕಡ 4 ಇದ್ದದ್ದು 2023ರ ಫೆಬ್ರವರಿಯ ಹೊತ್ತಿಗೆ ಶೇಕಡ 6.5ಕ್ಕೆ ಏರಿತು. ಇದನ್ನು ‘ಎರಡೂವರೆ ಏರಿತು’ ಎಂದರೂ ಸರಿ, ‘ಶೇಕಡ 62.5ರಷ್ಟು ಏರಿತು’ ಎಂದರೂ ಸರಿ. ಆರೂವರೆಯಿಂದ ನಾಲ್ಕನ್ನು ಕಳೆದು ನೋಡಿದರೆ ಮೊದಲನೆಯ ಉತ್ತರ. ನಾಲ್ಕನ್ನೇ ನೂರೆಂದು ಹಿಡಿದು ನೋಡಿದರೆ ಎರಡನೆಯದು. ಒಂದು ಮಾತು ಚಿಕ್ಕದಾಗಿ ಕಾಣಿಸುತ್ತದೆ, ಇನ್ನೊಂದು ಹೆದರಿಸುತ್ತದೆ. ಈ ದರದಲ್ಲಿ ಒಂದು ಲಕ್ಷ ರೂಪಾಯಿಗೆ ವರ್ಷದ ಬಡ್ಡಿ 4,000ದಿಂದ 6,500ಕ್ಕೆ ಹೋಯಿತು ಎಂದರೆ ಯಾವ ಗೊಂದಲವೂ ಉಳಿಯುವುದಿಲ್ಲ.

ಭಯದ ಬೆಲೆ

ಈ ಅವಿವೇಕದ ಫಲ ರೂಪಾಯಿಗಳಲ್ಲಿಯೇ ಮುಗಿಯುವುದಾದರೆ ಹೇಗೋ ಸಹಿಸಬಹುದು. ಆರೋಗ್ಯದ ವಿಷಯದಲ್ಲಿ ಅದು ಎಂತಹ ಅನಾಹುತಕ್ಕೆ ಕಾರಣವಾದೀತೆಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದ ಒಂದು ಸಂಗತಿ ಸಾಕ್ಷಿಯಾಗಿದೆ. 1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಹೊರಡಿಸಿತು. ಸಂತಾನ ನಿಯಂತ್ರಣದ ಕೆಲವು ಹೊಸ ಬಗೆಯ ಗುಳಿಗೆಗಳನ್ನು ಸೇವಿಸುವ ಹೆಂಗಸರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಗುಳಿಗೆಗಳಿಗಿಂತ ಎರಡರಷ್ಟು ಎಂಬುದು ಅದರ ಸಾರ. ಎರಡರಷ್ಟು, ಅಂದರೆ ಶೇಕಡ ನೂರು ಹೆಚ್ಚು! ಸುದ್ದಿ ಕಾಡುಗಿಚ್ಚಿನಂತೆ ಹಬ್ಬಿತು. ಅಸಂಖ್ಯ ಹೆಂಗಸರು ಹೆದರಿ ಗುಳಿಗೆಯನ್ನೇ ನಿಲ್ಲಿಸಿದರು.

ಆ ಎರಡರಷ್ಟು ಎಂಬುದು ಎಷ್ಟರ ಎರಡರಷ್ಟು? ಹಳೆಯ ಗುಳಿಗೆ ಸೇವಿಸುವ 7,000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಆ ತೊಂದರೆ ಬರುತ್ತಿತ್ತು. ಹೊಸದನ್ನು ಸೇವಿಸುವ 7,000 ಮಂದಿಯಲ್ಲಿ ಇಬ್ಬರಿಗೆ. ಏಳು ಸಾವಿರಕ್ಕೆ ಒಬ್ಬರು ಹೆಚ್ಚಾದರು. ‘ಎರಡರಷ್ಟು’ ಎಂಬುದೂ ಸತ್ಯ, ‘ಏಳು ಸಾವಿರಕ್ಕೆ ಒಬ್ಬರು ಹೆಚ್ಚು’ ಎಂಬುದೂ ಸತ್ಯ. ಜನರ ಕಿವಿಗೆ ಬಿದ್ದದ್ದು ಮೊದಲನೆಯದು. ಪರಿಣಾಮವಾಗಿ ಬೇಡದ ಬಸಿರುಗಳು ಹೆಚ್ಚಿದವು; ಮರುವರ್ಷ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದವೆಂದು ಅಂದಾಜು ಮಾಡಲಾಗಿದೆ. ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಗಿಂತ ಬಸಿರಿನಲ್ಲಿಯೇ ಹೆಚ್ಚು ಎಂಬುದು ಈ ದುರಂತದ ಮತ್ತೊಂದು ಮುಖ. ಯಾವುದಕ್ಕೆ ಹೆದರಿ ಓಡಿದರೋ ಅದರ ಬಾಯಿಗೇ ಎಷ್ಟೋ ಮಂದಿ ಬಿದ್ದರು. ಆ ಎಚ್ಚರಿಕೆಯ ಮಾತಿನ ಪಕ್ಕದಲ್ಲಿ ‘ಏಳು ಸಾವಿರಕ್ಕೆ’ ಎಂಬ ಎರಡು ಶಬ್ದಗಳು ಅಷ್ಟೇ ದಪ್ಪಕ್ಷರದಲ್ಲಿ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಔಷಧದ ಗುಣವನ್ನು ಹೊಗಳುವಾಗಲೂ ಇದೇ ಜಾಣತನ ನಡೆಯುವುದುಂಟು. ‘ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ’ ಎಂಬ ಜಾಹೀರಾತನ್ನು ನೋಡಿದಾಗ, ನೂರರಲ್ಲಿ ನಲವತ್ತನ್ನು ಇಪ್ಪತ್ತಕ್ಕೆ ಇಳಿಸುವುದೋ, ಸಾವಿರದಲ್ಲಿ ಎರಡನ್ನು ಒಂದಕ್ಕೆ ಇಳಿಸುವುದೋ ಎಂದು ವೈದ್ಯರನ್ನು ಕೇಳಬೇಕು. ಎರಡೂ ಅರ್ಧವೇ. ಆದರೆ ಮೊದಲನೆಯದಕ್ಕಾಗಿ ಮನೆಯ ಒಡವೆ ಅಡವಿಟ್ಟರೂ ತಪ್ಪಿಲ್ಲ. ಎರಡನೆಯದಕ್ಕಾಗಿ ಒಮ್ಮೆ ಯೋಚಿಸಬೇಕಾದೀತು.

ಕೇಳಬೇಕಾದ ಮೂರು ಪ್ರಶ್ನೆ

ಇಷ್ಟರಿಂದ ವಾಚಕರು ಅಂಕಿಗಳನ್ನೇ ನಂಬಬಾರದೆಂಬ ನಿರ್ಧಾರಕ್ಕೆ ಬರಬೇಕಾಗಿಲ್ಲ. ಅಂಕಿಗಳಿಲ್ಲದೆ ಬರಪರಿಹಾರವಿಲ್ಲ, ಬೆಳೆವಿಮೆಯಿಲ್ಲ, ಶಾಲೆ ಆಸ್ಪತ್ರೆಗಳ ಯೋಜನೆಯೂ ಇಲ್ಲ. ಬೇಕಾದುದು ಅಪನಂಬಿಕೆಯಲ್ಲ, ವಿಚಾರಣೆ. ಶೇಕಡವೊಂದು ಎದುರಿಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇದು ಯಾವುದರ ಶೇಕಡ? ಅಡಿಯದೋ ನೀರಿನದೋ? ನೂರೆಂದು ಹಿಡಿದ ಮೊತ್ತ ಎಷ್ಟು, ಅದು ಯಾವ ಕಾಲದ್ದು? ಕೊನೆಯದಾಗಿ, ಲೀಟರಿನಲ್ಲಿ, ರೂಪಾಯಿಯಲ್ಲಿ, ತಲೆಯೆಣಿಕೆಯಲ್ಲಿ ಅದು ಎಷ್ಟಾಗುತ್ತದೆ? ಇನ್ನು ಬರಿಯ ಮೊತ್ತವೇ ಎದುರಿಗೆ ಬಂದರೆ ಪ್ರಶ್ನೆಯನ್ನು ತಿರುಗಿಸಿ, ಇದು ಎಷ್ಟರಲ್ಲಿ ಎಷ್ಟು ಎಂದು ಕೇಳಬೇಕು.

ಕೇಳುವವರಿಗೆ ಈ ಹೊಣೆಯಿದ್ದರೆ ಹೇಳುವವರಿಗೆ ಇದಕ್ಕಿಂತ ದೊಡ್ಡ ಹೊಣೆಯಿದೆ. ‘236 ತಾಲ್ಲೂಕುಗಳಲ್ಲಿ 223’ ಎಂದಾಗ ಎಷ್ಟು ಎಂಬುದೂ ತಿಳಿಯಿತು, ಎಷ್ಟರಲ್ಲಿ ಎಂಬುದೂ ತಿಳಿಯಿತು. ಶೇಕಡ ಬೇಕಾದವನು ತಾನೇ ಲೆಕ್ಕ ಹಾಕಿಕೊಳ್ಳಬಲ್ಲನು. ಮಳೆಯ ವರದಿಯಲ್ಲಿಯೂ ‘ವಾಡಿಕೆ 100, ಬಿದ್ದದ್ದು 75, ಕೊರತೆ ಶೇಕಡ 25’ ಎಂದು ಮೂರನ್ನೂ ಒಟ್ಟಿಗೆ ಬರೆದರೆ ಊರ ಕಟ್ಟೆಯ ಮೇಲೆ ಕುಳಿತವನೂ ಕಚೇರಿಯ ಕುರ್ಚಿಯಲ್ಲಿ ಕುಳಿತವನೂ ಒಂದೇ ವಿಷಯವನ್ನು ಓದಿದಂತಾಗುವುದು. ಇಷ್ಟನ್ನು ಅಚ್ಚು ಹಾಕಲು ಅರ್ಧ ಸಾಲಿನ ಜಾಗ ಸಾಕು.